ಸೀಕೊ 6139: ಮುಳ್ಳು ಅದುರದೆ ಹೊರಡುವ ಗಡಿಯಾರ

ಜಪಾನಿನ ಸೀಕೊ ಸಂಸ್ಥೆ 1969ರಲ್ಲಿ ಮಾರುಕಟ್ಟೆಗೆ ತಂದ 6139, ಜಗತ್ತಿನ ಮೊಟ್ಟಮೊದಲ ಸ್ವಯಂಚಾಲಿತ (ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ) ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಇರುವ, ಕೈಗಡಿಯಾರಗಳಲ್ಲಿ ಒಂದು. ಇದರ ನಿಜವಾದ ಹೆಚ್ಚುಗಾರಿಕೆ, ಸ್ಟಾಪ್‌ವಾಚನ್ನು ಗಡಿಯಾರದ ಯಂತ್ರಕ್ಕೆ ಜೋಡಿಸುವ ಲಂಬ ಕ್ಲಚ್‌ನಲ್ಲಿದೆ. ಹಲ್ಲುಚಕ್ರವು ಪಕ್ಕದಿಂದ ಬಂದು ಕಚ್ಚಿಕೊಳ್ಳುವ ಹಳೆಯ ಪದ್ಧತಿಯಲ್ಲಿ ಗುಂಡಿ ಒತ್ತಿದೊಡನೆ ಸೆಕೆಂಡಿನ ಮುಳ್ಳು ಅದುರುವುದುಂಟು. ಇಲ್ಲಿ ಒಂದರ ಮೇಲೊಂದು ಕುಳಿತ ಭಾಗಗಳು ಘರ್ಷಣೆಯಿಂದಲೇ ಕೂಡಿಕೊಳ್ಳುವುದರಿಂದ ಮುಳ್ಳು ನಯವಾಗಿ ಹೊರಡುತ್ತದೆ. ಇದನ್ನು ನಿಯಂತ್ರಿಸುವ ಕಾಲಮ್ ವೀಲ್ ಎಂಬ ಪುಟ್ಟ ಕಂಬಗಳ ಚಕ್ರದಿಂದಾಗಿ ಗುಂಡಿಯ ಒತ್ತು ಬೆರಳಿಗೆ ಖಚಿತವಾಗಿ ತಿಳಿಯುತ್ತದೆ, ಮತ್ತು ಆ ಅನುಭವ ನನಗೆ ಇಂದಿಗೂ ಅಪಾರ ಸಂತೋಷ ಕೊಡುತ್ತದೆ. ಗಂಟೆಗೆ 21,600 ಮಿಡಿತಗಳ ಈ ಯಂತ್ರದಲ್ಲಿ ವಾರ, ತಾರೀಖು, 30 ನಿಮಿಷಗಳ ಎಣಿಕೆ ಇವೆ.

ಕೊರತೆಗಳೂ ಇವೆ. ಕೈಯಿಂದ ಕೀ ಕೊಡಲು ಬರುವುದಿಲ್ಲ. ಸದಾ ಓಡುವ ಪ್ರತ್ಯೇಕ ಸೆಕೆಂಡಿನ ಮುಳ್ಳಿಲ್ಲದ ಕಾರಣ ಕ್ರೋನೋಗ್ರಾಫ್ ನಿಲ್ಲಿಸಿದಾಗ ಗಡಿಯಾರ ನಡೆಯುತ್ತಿದೆಯೇ ಎಂಬುದು ನೋಟಕ್ಕೆ ಥಟ್ಟನೆ ತಿಳಿಯದು.

1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ 4 ಯಾನದ ಗಗನಯಾತ್ರಿ ವಿಲಿಯಂ ಪೋಗ್ ಬಾಹ್ಯಾಕಾಶಕ್ಕೆ ಒಯ್ದ ಹಳದಿ ಮುಖದ ಮಾದರಿಗೆ ಬೇಡಿಕೆ ಹೆಚ್ಚು. ಆದ್ದರಿಂದಲೇ ಮೂಲದ್ದಲ್ಲದ, ಬದಲಿಸಿದ ಡಯಲ್‌ಗಳೂ (ಮುಖಫಲಕಗಳೂ) ಹೆಚ್ಚು. ಕೊಳ್ಳುವವರು ಹೊಳಪಿಗಿಂತ ಮೊದಲು, ಕ್ರೋನೋಗ್ರಾಫನ್ನು ಮರುಹೊಂದಿಸಿದಾಗ ಅದರ ಸೆಕೆಂಡಿನ ಮುಳ್ಳು ನೇರವಾಗಿ ಹನ್ನೆರಡಕ್ಕೆ ಮರಳುತ್ತದೆಯೇ ಎಂದು ಪರೀಕ್ಷಿಸಬೇಕು.