ಗಾಡಿ ಖರ್ಚು ತೋರಿಸಿ ತೆರಿಗೆ ರೀಫಂಡ್ ಕೊಡಿಸ್ತೀನಿ ಅನ್ನುವವರ ಹತ್ತಿರ ಹೋಗಬೇಡಿ

ಸ್ವಂತ ಗಾಡಿ ಇಟ್ಟುಕೊಂಡು ಕೆಲಸ ಮಾಡುವ ಎಲೆಕ್ಟ್ರಿಷಿಯನ್, ಪ್ಲಂಬರ್, ಮೋಟಾರ್ ಮೆಕ್ಯಾನಿಕ್‌ಗಳು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಚಿತ್ರದುರ್ಗದಲ್ಲಿ ಬೋರ್‌ವೆಲ್ ಮೋಟಾರ್ ಎತ್ತಿ, ರಿವೈಂಡಿಂಗ್ ಮಾಡಿ ಇಳಿಸಿಕೊಡುತ್ತೇನೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳ ಕೆಲಸವೇ ಜಾಸ್ತಿ. ಚೈನ್ ಪುಲ್ಲಿ, ಕೇಬಲ್, ಮೋಟಾರ್ ಎಲ್ಲಾ ಹೋಗುವುದು ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ವ್ಯಾನಿನಲ್ಲಿ. ಗುತ್ತಿಗೆದಾರರು ನನ್ನ ಬಿಲ್ಲಿನ ದುಡ್ಡು ಕೊಡುವಾಗ 1% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಅದನ್ನು ವಾಪಸ್ ತರಲು ಆದಾಯ ತೆರಿಗೆ ರಿಟರ್ನ್ ಹಾಕಿಸಬೇಕಿತ್ತು.

ಪರಿಚಯದ ಏಜೆಂಟ್ ಒಬ್ಬ, 'ಅಣ್ಣಾರೆ, ಗಾಡಿ ಇದೆ ಅಲ್ವಾ? ಪೂರ್ತಿ ರೀಫಂಡ್ ನನ್ನ ಜವಾಬ್ದಾರಿ' ಅಂದ. ಬಂದ ದುಡ್ಡಲ್ಲಿ ಪಾಲು ತಗೊಂಡ. ರಿಟರ್ನ್ ಪ್ರತಿ ಕೇಳಿದಾಗಲೆಲ್ಲಾ 'ಕಳಿಸ್ತೀನಿ' ಅಂತ ಸಾಗಹಾಕಿದ.

ಬ್ಯಾಂಕ್ ಸಾಲಕ್ಕೆ ಆ ಪ್ರತಿ ಬೇಕಾಯ್ತು. ದಾವಣಗೆರೆಯ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಒಬ್ಬರು ಆದಾಯ ತೆರಿಗೆ ಪೋರ್ಟಲ್ ತೆರೆದು ತೋರಿಸಿದರು. ಪೆಟ್ರೋಲ್ 2,40,000. ರಿಪೇರಿ 60,000. ಸಾಲದ ಕಂತು 96,000. ಎಲ್ಲಾ ಸೊನ್ನೆಯಲ್ಲಿ ಮುಗಿಯುವ ಅಂಕಿಗಳು, ಒಂದಕ್ಕೂ ನನ್ನನ್ನು ಕೇಳಿರಲಿಲ್ಲ. ಕೆಳಗೆ ಇಲಾಖೆಯ ನೋಟಿಸ್, ಉತ್ತರ ಕೊಡುವ ದಿನಾಂಕ ಮುಗಿದಿತ್ತು. ನೋಟಿಸ್ ನನಗೆ ಗೊತ್ತಾಗುವುದಾದರೂ ಹೇಗೆ? ಪೋರ್ಟಲ್ ಖಾತೆಗೆ ಆ ಏಜೆಂಟ್ ಕೊಟ್ಟಿದ್ದು ಅವನ ಮೊಬೈಲ್ ನಂಬರ್, ಅವನ ಇಮೇಲ್. ಕೇಳಲು ಫೋನ್ ಮಾಡಿದರೆ ಎತ್ತಲೇ ಇಲ್ಲ.

ಸಿಎ ಹೇಳಿದ್ದು ನಮ್ಮಂಥವರಿಗೆ ತುಂಬಾ ಬೇಕಾದ ವಿಷಯ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ (ಸಣ್ಣ ವ್ಯವಹಾರದವರು ಅಂದಾಜು ಲಾಭ ತೋರಿಸುವ ದಾರಿ) ಪ್ರಕಾರ ರಿಟರ್ನ್ ಹಾಕಿದರೆ ಲೆಕ್ಕದ ಪುಸ್ತಕ ಬೇಡ. ಫೋನ್‌ಪೇ, ಬ್ಯಾಂಕ್ ಮೂಲಕ ಬಂದ ವಹಿವಾಟಿನ 6%, ನಗದಿನ 8% ಕನಿಷ್ಠ ಲಾಭ ಅಂತ ತೋರಿಸಬೇಕು. ಪೆಟ್ರೋಲ್, ಟೈರ್, ಗಾಡಿಯ ಸವಕಳಿ (ಗಾಡಿ ಹಳೆಯದಾದಂತೆ ಇಳಿಯುವ ಬೆಲೆ) ಎಲ್ಲಾ ಅದರೊಳಗೇ ಬಂತು. ಮೇಲೆ ಮತ್ತೆ ಗಾಡಿ ಖರ್ಚು ಕಳೆಯುವ ಹಾಗಿಲ್ಲ.

ಹಿಂದಿನ ವರ್ಷಗಳಲ್ಲಿ ನನ್ನ ರಿಟರ್ನ್ 44ಎಡಿಯಲ್ಲೇ ಇತ್ತು. ಈ ಏಜೆಂಟ್ ಹೇಳದೆ ಕೇಳದೆ ಅದನ್ನು ಬಿಟ್ಟು ಖರ್ಚು ತೋರಿಸಿದ. ಹಾಗೆ ನಡುವೆ ಹೊರಬಂದರೆ ಮುಂದಿನ 5 ವರ್ಷ 44ಎಡಿ ಸಿಗುವುದಿಲ್ಲ. ನಮ್ಮ ಆದಾಯ ತೆರಿಗೆ ಇಲ್ಲದ ಮಿತಿಯನ್ನು ದಾಟಿದ ವರ್ಷ ಲೆಕ್ಕ ಬರೆದು ಆಡಿಟ್ ಮಾಡಿಸಬೇಕು. ಆಡಿಟ್ ಫೀಸು ನಮ್ಮ ಕೈಯಿಂದಲೇ ಅಲ್ವಾ? ನನಗೆ ಹೆಚ್ಚು ನೋವಾಗಿದ್ದು ಇದೇ.

ಲೆಕ್ಕ ಇಟ್ಟು ಖರ್ಚು ತೋರಿಸುವುದು ತಪ್ಪೇನಲ್ಲ, ಆದರೆ ಅದಕ್ಕೆ ಕಟ್ಟುಪಾಡು ಇದೆ. ಗಾಡಿ ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಅಸಲಿನ ಬದಲು, ಗಾಡಿಯ ಬೆಲೆಯಲ್ಲಿ ಹಿಂದಿನ ಸವಕಳಿ ಕಳೆದು ಉಳಿದ ಮೊತ್ತದ ಮೇಲೆ ವರ್ಷಕ್ಕೆ 15% ಸವಕಳಿ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅದರ ಅರ್ಧ. ಗಾಡಿ ಕೊಳ್ಳುವಾಗ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟಿದ್ದರೆ ಆ ಮೊತ್ತಕ್ಕೆ ಸವಕಳಿಯೂ ಇಲ್ಲ. ರಿಪೇರಿ ಬಿಲ್ಲಿಗೂ ಅದೇ 10,000ದ ಮಿತಿ. ಟ್ರಾಫಿಕ್ ದಂಡ ಖರ್ಚಿಗೆ ಬರುವುದಿಲ್ಲ. ಅದೇ ಗಾಡಿಯಲ್ಲಿ ಮನೆಯವರ ಜೊತೆ ನಾಯಕನಹಟ್ಟಿ ಜಾತ್ರೆಗೆ ಹೋಗಿದ್ದರೆ ಅಷ್ಟು ಪಾಲು ಬಿಟ್ಟೇ ತೋರಿಸಬೇಕು. ಯಾವ ದಿನ, ಯಾರ ತೋಟ, ಎಷ್ಟು ಕಿಲೋಮೀಟರ್ ಅಂತ ಡೈರಿಯಲ್ಲಿ ಬರೆದಿಟ್ಟು ಪೆಟ್ರೋಲ್ ಬಿಲ್ ಜೊತೆಗಿಡಿ. ಬಂಕಿನ ಚೀಟಿಯ ಅಕ್ಷರ ಬೇಗ ಅಳಿಸಿಹೋಗುತ್ತೆ, ಅವತ್ತೇ ಫೋಟೋ ತೆಗೆದುಬಿಡಿ.

ಆಧಾರವಿಲ್ಲದ ಖರ್ಚು ತೋರಿಸಿದರೆ ಹಾಗೆ ಕಡಿಮೆ ಮಾಡಿಕೊಂಡ ತೆರಿಗೆಯ 200% ವರೆಗೆ ದಂಡ ಬೀಳಬಹುದು, ಬಡ್ಡಿ ಬೇರೆ. ಪಾಲು ತಗೊಂಡ ಏಜೆಂಟ್ ಅದರಲ್ಲಿ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ನೋಟಿಸ್ ಇರುವುದು ನಮ್ಮ ಪ್ಯಾನ್ ಮೇಲೆ. ನನ್ನ ದಂಡದ ವಿಚಾರಣೆ ಇನ್ನೂ ನಡೀತಿದೆ.

ನಿಮ್ಮ ರಿಟರ್ನ್ ಬೇರೆಯವರು ಹಾಕಿದ್ದರೆ ಇವತ್ತೇ ಪೋರ್ಟಲ್‌ಗೆ ಹೋಗಿ. ಪ್ರೊಫೈಲ್‌ನಲ್ಲಿ ಯಾರ ಮೊಬೈಲ್, ಯಾರ ಇಮೇಲ್ ಇದೆ ನೋಡಿ. ನಿಮ್ಮದು ಹಾಕಿ, ಪಾಸ್‌ವರ್ಡ್ ಬದಲಿಸಿ, ರಿಟರ್ನ್ ಪ್ರತಿ ಇಳಿಸಿಕೊಳ್ಳಿ. ಸುಳ್ಳು ಖರ್ಚು ಕಂಡರೆ, ನೋಟಿಸ್ ಬರುವ ಮೊದಲೇ ಒಳ್ಳೆ ಸಿಎ ಹತ್ತಿರ ಅಪ್‌ಡೇಟೆಡ್ ರಿಟರ್ನ್ (ತಪ್ಪು ತಿದ್ದಿ ಮತ್ತೆ ಹಾಕುವ ರಿಟರ್ನ್) ಬಗ್ಗೆ ಕೇಳಿ. ಅಸೆಸ್‌ಮೆಂಟ್ ವರ್ಷ (ದುಡಿದ ವರ್ಷದ ಮುಂದಿನ ಹಣಕಾಸು ವರ್ಷ) ಮುಗಿದ 12 ತಿಂಗಳೊಳಗೆ ಹಾಕಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ 25% ಜಾಸ್ತಿ ಕಟ್ಟಬೇಕು, ತಡವಾದಷ್ಟೂ ಅದು ಏರುತ್ತೆ.