ಜಮಖಾನದ ಮೇಲೆ ಕೂತು ಮಾಡಿದ ಹವಾಮಾನ ಸಂಧಾನ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ತರಬೇತಿ ಸಂಸ್ಥೆಯವರು ಕಾಲೇಜು ಹುಡುಗರಿಗೆ ಅಂತ ಒಂದು ದಿನದ ‘ಅಣಕು ಹವಾಮಾನ ಸಂಧಾನ’ ನಡೆಸುತ್ತಾರೆ. ಅಂದರೆ ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಕೂತು ಮಾಡುವ ಚೌಕಾಸಿಯನ್ನು ಆಟದಂತೆ ಆಡಿಸುವುದು. ಫೀಸು 600 ರೂಪಾಯಿ. ಕಳೆದ ಭಾನುವಾರ ಪಾಂಡವಪುರದಲ್ಲಿ ರೈಲು ಹತ್ತಿ ಹೋಗಿ ಬಂದೆ. ಆಟಕ್ಕೆ ಪೂರ್ತಿ ಅಂಕ, ಆಡಿಸಿದವರಿಗೆ ಅರ್ಧ.

ನಮ್ಮನ್ನು ದೇಶಗಳ ಗುಂಪು ಮಾಡಿದರು. ಶ್ರೀಮಂತ ದೇಶದವರಿಗೆ ಬಟ್ಟೆ ಹಾಸಿದ ಮೇಜು, ಗೋಡಂಬಿ, ಬಿಸ್ಕತ್ತು. ನನಗೆ ಸಿಕ್ಕಿದ್ದು ಬಡ ದೇಶಗಳ ಗುಂಪು. ನಮಗೆ ಕುರ್ಚಿಯೇ ಇಲ್ಲ, ಒಂದು ಹಳೇ ಜಮಖಾನ. ಮೊದಲು ಎಲ್ಲರೂ ನಕ್ಕೆವು. ಅರ್ಧ ಗಂಟೆಯಲ್ಲಿ ಮಂಡಿ ಹಿಡಿದುಕೊಂಡಿತು. ಮೇಜಿನ ಹತ್ತಿರ ಹೋಗಿ ನಿಂತು ದುಡ್ಡು ಕೇಳಬೇಕಾದಾಗ ನಿಜಕ್ಕೂ ಸಿಟ್ಟು ಬಂತು. ಅವರು ಬಿಸ್ಕತ್ತು ತಿನ್ನುತ್ತಲೇ ‘ನೋಡೋಣ’ ಅಂದರು.

ಪ್ರತಿ ಗುಂಪೂ ಒಂದು ಚೀಟಿ ತುಂಬಬೇಕು. ನಿಮ್ಮ ಹೊಗೆ ಏರುವುದು ಯಾವ ವರ್ಷ ನಿಲ್ಲುತ್ತದೆ, ಯಾವ ವರ್ಷದಿಂದ ಇಳಿಸುತ್ತೀರಿ, ವರ್ಷಕ್ಕೆ ಶೇಕಡಾ ಎಷ್ಟು, ಕಾಡಿಗೇನು ಮಾಡುತ್ತೀರಿ. ಅದನ್ನು ಸಿ-ರೋಡ್ಸ್ ಅನ್ನೋ ಸಾಫ್ಟ್‌ವೇರಿಗೆ ಹಾಕಿದರೆ ಕಾರ್ಖಾನೆಗಳ ಕಾಲ ಶುರುವಾಗುವ ಮೊದಲಿಗಿಂತ 2100ರಲ್ಲಿ ಭೂಮಿ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಅಂತ ತೋರಿಸುತ್ತದೆ. ಮೊದಲ ಸುತ್ತಿನಲ್ಲಿ ನಾವೆಲ್ಲ ಸೇರಿ ಎರಡೂವರೆ ಡಿಗ್ರಿ ದಾಟಿಸಿದ್ದೆವು. 2015ರ ಪ್ಯಾರಿಸ್ ಒಪ್ಪಂದದ ಗುರಿ 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5. ಯಾರಿಗೂ ಮಾತೇ ಹೊರಡಲಿಲ್ಲ.

ಈಗ ಕೊರತೆ. ಇಡೀ ಪಾಠ ಇಂಗ್ಲಿಷಿನಲ್ಲಿ. ‘ಹೊಣೆ ಎಲ್ಲರದ್ದು, ಆದರೆ ಪಾಲು ಒಂದೇ ಅಲ್ಲ’ ಅನ್ನೋ ಮಾತನ್ನು ಮೂರು ಸಲ ಇಂಗ್ಲಿಷಿನಲ್ಲಿ ಹೇಳಿದರು, ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಆಗ ಮಳವಳ್ಳಿ ಕಡೆಯ ಹುಡುಗನೊಬ್ಬ, ‘ಸಾರ್, ಇದು ನಮ್ಮ ಕಾವೇರಿ ಸಂಕಷ್ಟ ಸೂತ್ರದ ಜಗಳದ ಥರಾನೇ ಅಲ್ವಾ?’ ಅಂದ. ಅಲ್ಲಿಂದ ಕೋಣೆ ಕನ್ನಡಕ್ಕೆ ತಿರುಗಿತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಮಗೆ 284.75 ಟಿಎಂಸಿ, ತಮಿಳುನಾಡಿಗೆ ಬಿಡಬೇಕಾದದ್ದು 177.25. ಅದು ಮಳೆ ಸರಿಯಾಗಿ ಬಂದ ವರ್ಷದ ಲೆಕ್ಕ. ಮಳೆ ಕೈಕೊಟ್ಟರೆ ಯಾರು ಎಷ್ಟು ಬಿಟ್ಟುಕೊಡಬೇಕು ಅನ್ನುವುದೇ ಜಗಳ. 2023ರಲ್ಲಿ ಮಂಡ್ಯದಲ್ಲಿ ರಸ್ತೆಗಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ವ್ಯತ್ಯಾಸ ಒಂದಿದೆ. ಕಾವೇರಿಗೆ ಆದೇಶ ಕೊಡಲು ಪ್ರಾಧಿಕಾರ ಇದೆ, ಮೇಲೆ ಕೋರ್ಟಿದೆ. ಹವಾಮಾನದ ಸಂಧಾನದಲ್ಲಿ ಸುಮಾರು 200 ದೇಶ, ಎಲ್ಲರೂ ಹೂಂ ಅನ್ನಬೇಕು, ಅಷ್ಟೇ.

ಅದಕ್ಕೇ ಒಂದು ಪದಕ್ಕೆ ಅಷ್ಟು ಗುದ್ದಾಟ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲಿನ ಬಗ್ಗೆ ‘ನಿಲ್ಲಿಸುವುದು’ ಅಂತಿದ್ದದ್ದು ಕೊನೇ ಗಳಿಗೆಯಲ್ಲಿ ‘ಇಳಿಸುವುದು’ ಆಯಿತು, ಭಾರತ ಪಟ್ಟು ಹಿಡಿದಿದ್ದಕ್ಕೆ. ಇದನ್ನು ಹೇಳಿದ್ದು ನನ್ನ ಪಕ್ಕ ಕೂತಿದ್ದ ಹುಡುಗಿ, ಆಡಿಸುವವರಲ್ಲ. ಅವರು ಕೊಟ್ಟ ಜೆರಾಕ್ಸ್ ಪ್ಯಾರಿಸ್‌ಗೇ ನಿಂತುಬಿಟ್ಟಿತ್ತು. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಒದಗಿಸಬೇಕಾದ ದುಡ್ಡಿನ ಪುಟದಲ್ಲಿ ಇನ್ನೂ ವರ್ಷಕ್ಕೆ 100 ಬಿಲಿಯನ್ ಡಾಲರ್. 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಅಂತ ಸುತ್ತಿಗೆ ಬಡಿದಾಗಿದೆ, ಇದು ಸಾಲದು ಅಂತ ಭಾರತ ಅಲ್ಲೇ ಎದ್ದು ಹೇಳಿಯೂ ಆಗಿದೆ. 600 ರೂಪಾಯಿ ತಗೊಂಡು ಒಂದು ಹೊಸ ಜೆರಾಕ್ಸ್ ಮಾಡಿಸಲು ಏನು ಕಷ್ಟ?

ಊಟ ಪರವಾಗಿಲ್ಲ, ಬಿಸಿಬೇಳೆಬಾತ್ ಮಾತ್ರ ಬಿಸಿ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ತಪ್ಪು.

ರೈಲಿನಲ್ಲಿ ವಾಪಸ್ ಬರುವಾಗ ಮೊಬೈಲಿನಲ್ಲಿ ಹುಡುಕಿದೆ. ಆಟದ ಹೆಸರು ವರ್ಲ್ಡ್ ಕ್ಲೈಮೇಟ್. ಅಮೆರಿಕದ ಕ್ಲೈಮೇಟ್ ಇಂಟರಾಕ್ಟಿವ್ ಅನ್ನೋ ಸಂಸ್ಥೆ ಮತ್ತು ಎಂಐಟಿ ವಿಶ್ವವಿದ್ಯಾಲಯದವರದ್ದು. ಆ ಜಮಖಾನದ ಉಪಾಯವೂ ಅವರದ್ದೇ. ಸಾಫ್ಟ್‌ವೇರು, ಚೀಟಿ, ಆಡಿಸುವ ಕ್ರಮ ಎಲ್ಲಾ ಪುಕ್ಕಟೆ ಸಿಗುತ್ತದೆ. ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲೇ ಕನ್ನಡದಲ್ಲಿ ಆಡಿಸೋಣ ಅಂತ ಆ ಮಳವಳ್ಳಿ ಹುಡುಗನ ನಂಬರ್ ತಗೊಂಡಿದ್ದೇನೆ. ಪ್ರೊಜೆಕ್ಟರ್ ಕೊಡಲು ನಮ್ಮ ಮೇಷ್ಟ್ರು ಒಪ್ಪಿದ್ದಾರೆ, ಗೋಡಂಬಿಗೆ ಒಪ್ಪಿಲ್ಲ.