ಕ್ರ್ಯಾಶ್ ಕಾವಲಿಗೆ ಯಾವುದು ಲೇಸು: ಮಾಡ್ಯೂಲ್, ಪೈಪ್, ಬಿಪಿಎಫ್‌ಟ್ರೇಸ್

ಲಿನಕ್ಸ್‌ನಲ್ಲಿ ಯಾವ ಪ್ರೋಗ್ರಾಂ ಯಾವಾಗ ಸತ್ತಿತು ಎಂಬುದನ್ನು ಹಿಡಿಯಲು ಮೂರು ದಾರಿಗಳನ್ನು ಒಂದೇ ಯಂತ್ರದಲ್ಲಿ ಪರೀಕ್ಷಿಸಿದೆ. ಬಲಿಪಶು, ನಲ್ ಪಾಯಿಂಟರ್‌ಗೆ (ಎಲ್ಲಿಗೂ ತೋರದ ವಿಳಾಸಕ್ಕೆ) ಬರೆಯಲು ಹೋಗಿ ಸಾಯುವ ಪುಟ್ಟ ಸಿ ಪ್ರೋಗ್ರಾಂ. ಪಕ್ಕದಲ್ಲೊಂದು ಜಾವಾ ಸರ್ವರ್.

ಮೊದಲನೆಯದು ಸ್ವಂತ ಕರ್ನಲ್ ಮಾಡ್ಯೂಲ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿಸುವ ಕೋಡ್ ತುಣುಕು. ಕೋರ್‌ಡಂಪ್ (ಸಾಯುವ ಪ್ರೋಗ್ರಾಂನ ಮೆಮೊರಿಯ ಪ್ರತಿ) ಬರೆಯುವ ಕರ್ನಲ್ ಫಂಕ್ಷನ್‌ನ ಬಾಗಿಲಲ್ಲೇ ಕೆಪ್ರೋಬ್ ಎಂಬ ಕಾವಲುಗಾರನನ್ನು ಕೂರಿಸಿದೆ. ಡಂಪ್ ಗಾತ್ರದ ಮಿತಿ ಸೊನ್ನೆಯಿದ್ದರೂ ಈ ಫಂಕ್ಷನ್‌ಗೆ ಕರೆ ಬರುತ್ತದೆ. ಹಾಗಾಗಿ ಪ್ರೋಗ್ರಾಂನ ಹೆಸರು, ಪಿಐಡಿ (ಪ್ರಕ್ರಿಯೆಯ ಸಂಖ್ಯೆ), 11ನೇ ಸಿಗ್ನಲ್ (ತಪ್ಪು ಮೆಮೊರಿ ಮುಟ್ಟಿದಾಗ ಕರ್ನಲ್ ಕಳಿಸುವ ಸಂಕೇತ), ತಪ್ಪಿದ ವಿಳಾಸ ಎಲ್ಲವೂ ಕರ್ನಲ್ ಲಾಗ್‌ಗೆ ಬಂದವು. ಹೆಸರು ಮಾತ್ರ 15 ಅಕ್ಷರಕ್ಕೆ ತುಂಡಾಗುತ್ತದೆ. ಆದರೆ ಪ್ರೋಬ್‌ನ ಹ್ಯಾಂಡ್ಲರ್ (ಅದು ಓಡಿಸುವ ಫಂಕ್ಷನ್) ನಿದ್ರಿಸುವಂತಿಲ್ಲ, ಕಾಯುತ್ತ ಕೂರುವಂತಿಲ್ಲ, ಅಂದರೆ ಅಲ್ಲಿಂದ ನೇರವಾಗಿ ಕಡತಕ್ಕೆ ಬರೆಯಲಾಗದು. ಆ ಕೆಲಸವನ್ನು ವರ್ಕ್‌ಕ್ಯೂಗೆ, ಅಂದರೆ ಆಮೇಲೆ ಮಾಡುವ ಕೆಲಸಗಳ ಸರದಿಗೆ, ದಾಟಿಸಬೇಕು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮರುಕಂಪೈಲ್ ಮಾಡಬೇಕು, ಸೆಕ್ಯೂರ್ ಬೂಟ್ (ಸಹಿಯಿರುವ ಕೋಡನ್ನಷ್ಟೇ ಒಪ್ಪುವ ವ್ಯವಸ್ಥೆ) ಇದ್ದರೆ ಸಹಿಯನ್ನೂ ಹಾಕಬೇಕು. ಕೋಡ್‌ನಲ್ಲಿ ಒಂದು ಕೆಟ್ಟ ಪಾಯಿಂಟರ್ ಇದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ: ಇಡೀ ಯಂತ್ರವೇ ಮಲಗಬಹುದು.

ಎರಡನೆಯದು ಪೈಪ್, ಇದಕ್ಕೆ ಕರ್ನಲ್ ಕೋಡ್ ಬೇಡವೇ ಬೇಡ. ಕರ್ನಲ್ ಸೆಟ್ಟಿಂಗ್‌ಗಳಿರುವ ಪ್ರಾಕ್ (/proc) ಅಡಿಯ ಕೋರ್ ಪ್ಯಾಟರ್ನ್ ಕಡತದಲ್ಲಿ ಪೈಪ್ ಚಿಹ್ನೆ | ಇಟ್ಟು ಒಂದು ಸ್ಕ್ರಿಪ್ಟ್‌ನ ಪೂರ್ಣ ಹಾದಿ ಬರೆದರೆ, ಸತ್ತ ಪ್ರಕ್ರಿಯೆಯ ಇಡೀ ಡಂಪ್ ಸ್ಕ್ರಿಪ್ಟ್‌ನ ಇನ್‌ಪುಟ್‌ಗೆ ಹರಿದುಬರುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಕೋರ್‌ಡಂಪ್ ಸೇವೆ ನಡೆಯುವುದೂ ಹೀಗೆಯೇ. ಡಂಪನ್ನು ಜಿಡಿಬಿ ಎಂಬ ಡೀಬಗರ್‌ನಲ್ಲಿ ತೆರೆದು ತಪ್ಪಿದ ಸಾಲನ್ನೇ ನೋಡಬೇಕೆನ್ನುವವರಿಗೆ ಇದನ್ನು ಮೀರಿಸಿದ್ದು ಇಲ್ಲ.

ಮೂರನೆಯದು ಬಿಪಿಎಫ್‌ಟ್ರೇಸ್, ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂ ಓಡಿಸುವ ಬಿಪಿಎಫ್ ಸೌಲಭ್ಯವನ್ನು ಬಳಸುವ ಉಪಕರಣ. ಒಂದೇ ಸಾಲಿನಲ್ಲಿ ಸಿಗ್ನಲ್ ಟ್ರೇಸ್‌ಪಾಯಿಂಟ್‌ಗೆ (ಕರ್ನಲ್‌ನಲ್ಲೇ ಇಟ್ಟಿರುವ ಗಮನಿಸುವ ಜಾಗ) ಜೋತುಬೀಳುತ್ತದೆ. ಎರಡು ಟ್ರೇಸ್‌ಪಾಯಿಂಟ್‌ಗಳಲ್ಲಿ ಯಾವುದನ್ನು ಆರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಿಗ್ನಲ್ ಹುಟ್ಟುವ ಕಡೆ ಕಿವಿಯಿಟ್ಟರೆ ಆರೋಗ್ಯವಾಗಿರುವ ಜಾವಾ ಸರ್ವರ್ ಕೂಡ ಸಾಯುತ್ತಿರುವಂತೆ ಕಾಣುತ್ತದೆ. ನಲ್ ಪರೀಕ್ಷೆಗೆಂದು ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಬೇಕೆಂದೇ 11ನೇ ಸಿಗ್ನಲ್ ಬರಿಸಿಕೊಂಡು ತಾನೇ ನಿಭಾಯಿಸುತ್ತದೆ. ಸಿಗ್ನಲ್ ತಲುಪುವ ಕಡೆ ನಿಂತು, ಹ್ಯಾಂಡ್ಲರ್ ಸೊನ್ನೆಯಿದ್ದವನ್ನು, ಅಂದರೆ ಪ್ರೋಗ್ರಾಂ ತಾನೇ ನಿಭಾಯಿಸದವನ್ನು, ಮಾತ್ರ ಸೋಸಿದಾಗ ಈ ಗದ್ದಲ ನಿಂತಿತು. ಮೆಮೊರಿ ಸಾಲದೆ ಕರ್ನಲ್ ಕೊಲ್ಲುವಾಗ ಬರುವ 9ನೇ ಸಿಗ್ನಲ್ ಕೂಡ ಇಲ್ಲಿ ಕಾಣುತ್ತದೆ. ಅದಕ್ಕೆ ಕೋರ್‌ಡಂಪ್ ಇಲ್ಲದ ಕಾರಣ ಉಳಿದೆರಡೂ ಕುರುಡು.

ನನ್ನ ಸರ್ವರ್‌ನಲ್ಲಿ ಈಗ ಪೈಪ್ ಸದಾ ಇದೆ. ಅನುಮಾನ ಬಂದಾಗ ಬಿಪಿಎಫ್‌ಟ್ರೇಸ್. ಮಾಡ್ಯೂಲ್ ಕರ್ನಲ್‌ನ ಒಳಗನ್ನು ಕಲಿಯಲು ಒಳ್ಳೆಯ ನೆಪ. ಕೆಲಸಕ್ಕೆ ಅದನ್ನು ಬಳಸುವುದಾದರೆ ಬಿಪಿಎಫ್ ಬಿಟ್ಟು ಕಟ್ಟಿದ ಕರ್ನಲ್ ಇರುವ ಎಂಬೆಡೆಡ್ ಬೋರ್ಡ್‌ಗಳಲ್ಲಿ ಮಾತ್ರ, ಅದೂ ಕೆಪ್ರೋಬ್ ಆಯ್ಕೆಯನ್ನು ಉಳಿಸಿಕೊಂಡಿದ್ದರೆ.